ಕಬ್ಬಿನೊಳಗಿನ ಗಾಯಾಳು

ನವೆಂಬರ್ 11, 2024

ಪೂರಿಗಾಲಿಗೆ ಬಂದಿಳಿದೆ. ಕಂಪನಿಯವರು ಮಳವಳ್ಳಿಯಲ್ಲಿ ಲಾಡ್ಜು ಮಾಡಿಕೊಡುತ್ತೇವೆ ಅಂದಿದ್ದರು, ನಾನೇ ಬೇಡವೆಂದೆ. ಹೊಲದ ಪಕ್ಕದಲ್ಲೇ ಇದ್ದರೆ ಕೆಲಸ ಬೇಗ ಶುರುವಾಗುತ್ತದೆ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ ಬೇರೆ. ಲಾಡ್ಜಿನಲ್ಲಿ "ಒಬ್ಬರೇನಾ ಮೇಡಂ" ಎಂದು ಕೇಳುತ್ತಾರೆ, ಹೌದು ಅಂದ ಮೇಲೂ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡುತ್ತಾರೆ.

ಬೆಟ್ಟಮ್ಮ ಎಂಬುವರ ಮನೆಯ ಮಹಡಿ ಕೋಣೆ ಸಿಕ್ಕಿದೆ. ಅವರು ಬೀಗದ ಕೈ ಕೊಡುವುದಕ್ಕೆ ಮೊದಲೇ ಅದೇ ಪ್ರಶ್ನೆ ಕೇಳಿದರು.

"ಒಬ್ಳೇಯಾ?"

"ಹೌದು."

"ಯಾವೂರು?"

"ಮಂಡ್ಯ."

"ಮಂಡ್ಯದೋಳಾಗಿ ಇದೇನ್ ಇಂಗ್ ಮಾತಾಡ್ತೀಯೇ, ಟೀವೀಲಿ ವಾರ್ತೆ ಓದೋರಂಗೆ?"

ಅವ್ವ ಇರುವವರೆಗೆ ದಿನಕ್ಕೊಂದು ಸಲ ಫೋನಿನಲ್ಲಾದರೂ ಮಂಡ್ಯದ ಮಾತು ಬಾಯಿಗೆ ಬರುತ್ತಿತ್ತು. ಜೂನ್‌ನಲ್ಲಿ ಅವ್ವ ಹೋದಳು. ಅವಳಿದ್ದ ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆಗಳನ್ನು ಅವರಿವರಿಗೆ ಕೊಟ್ಟು ಬೆಂಗಳೂರಿಗೆ ವಾಪಸಾದೆ. ಈಗ ಮಂಡ್ಯದಲ್ಲಿ ನನ್ನದು ಅನ್ನುವುದಕ್ಕೆ ಬಸ್ ಸ್ಟ್ಯಾಂಡು ಮಾತ್ರ ಉಳಿದಿದೆ.

ಇದನ್ನೆಲ್ಲ ಬೆಟ್ಟಮ್ಮನಿಗೆ ಹೇಳಲಿಲ್ಲ. ಊಟಕ್ಕೆ ಕೆಳಗಿನಿಂದ ಕೂಗಿದರು, ನಿದ್ದೆ ಬಂದವಳಂತೆ ಸುಮ್ಮನಿದ್ದೆ. ಬಿಸ್ಕತ್ತಿದೆ, ಸಾಕು.

ನವೆಂಬರ್ 14

ಯಂತ್ರ ಲಾರಿಯಲ್ಲಿ ಬಂತು. ಟ್ರ್ಯಾಕ್ಟರಿಗಿಂತ ಗಿಡ್ಡ, ಟ್ಯಾಂಕಿನಂತೆ ಚೈನಿನ ಚಕ್ರ, ಹಿಂದೆ ಒಂದು ಕೊಕ್ಕೆ. ಯುದ್ಧದಲ್ಲಿ ಗುಂಡು ತಗುಲಿ ಬಿದ್ದ ಸೈನಿಕನನ್ನು ಜೊತೆಯವನು ಹಲಗೆಗೆ ಬಿಗಿದು ಕೊಕ್ಕೆಗೆ ಸಿಕ್ಕಿಸಿದರೆ, ಇದು ಅವನನ್ನು ಎಳೆದುಕೊಂಡು ಸುರಕ್ಷಿತ ಜಾಗಕ್ಕೆ ಬರಬೇಕು. ನಡೆಸುವವರು ದೂರದಲ್ಲಿ ಕುಳಿತಿರುತ್ತಾರೆ. ನಡುವೆ ಇರುವುದು ರೇಡಿಯೋ ಅಲೆ ಮಾತ್ರ. ಅದು ಕಡಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಗಡಿಯ ಕಡೆ ಎತ್ತರದ ಹುಲ್ಲು, ಕಬ್ಬು ಬೆಳೆಯುವ ನೆಲವಿದೆಯಂತೆ. ಅದಕ್ಕೇ ಕಂಪನಿ ಇಲ್ಲಿ ಕಬ್ಬಿನ ಹೊಲವನ್ನು ಬಾಡಿಗೆಗೆ ಹಿಡಿದಿದೆ. ಬಯಲಿನಲ್ಲಿ ಎಷ್ಟು ದೂರವಾದರೂ ಹೋಗುವ ಅಲೆ ಕಬ್ಬಿನೊಳಗೆ ಸೊರಗಿಹೋಗುತ್ತದೆ. ಎಲೆಯಲ್ಲಿ ನೀರು, ಜಲ್ಲೆಯಲ್ಲಿ ನೀರು, ಎಲ್ಲವೂ ಅಲೆಯನ್ನು ಕುಡಿಯುತ್ತವೆ. ಬೆಳಿಗ್ಗೆ ಇಬ್ಬನಿ ಇದ್ದರಂತೂ ಕೇಳುವುದೇ ಬೇಡ.

ನವೆಂಬರ್ 18

ಹಲಗೆಗೆ ಕಟ್ಟುತ್ತಿದ್ದ ಮರಳಿನ ಮೂಟೆ ಒಡೆಯಿತು. ನಮ್ಮ ಮುಖ್ಯಸ್ಥ ರಘುನಂದನ್ ಬೆಂಗಳೂರಿನಿಂದ ಫೋನ್ ಮಾಡಿ, "ಯಾರನ್ನಾದರೂ ಕೂಲಿಗೆ ಹಿಡಿದು ಮಲಗಿಸಿ ಪುಷ್ಪಾ" ಅಂದರು. ಬೆಟ್ಟಮ್ಮ ಚಿಕ್ಕಮಾದು ಎಂಬುವನನ್ನು ಕಳಿಸಿದರು. ನಲವತ್ತು ದಾಟಿದ ಗಟ್ಟಿ ಆಳು.

"ಏನ್ ಕೆಲ್ಸ ಮೇಡಮ್ಮೋರೆ?"

"ಗಾಯವಾಗಿ ಪ್ರಜ್ಞೆ ತಪ್ಪಿದವರ ಹಾಗೆ ಮಲಗಿರಬೇಕು. ಯಂತ್ರ ಎಳೆದುಕೊಂಡು ಬರುತ್ತದೆ."

"ಮನಿಕ್ಕಳಕ್ಕೆ ಕೂಲಿಯಾ?" ಕೆಮ್ಮು ಬರುವವರೆಗೆ ನಕ್ಕ. "ನಮ್ ಸಿವನಂಜಿಗೆ ಏಳ್ಬುಡಿ ಇದುನ್ನ. ಮನಿಕ್ಕಂಡ್ರೆ ದಿನಾ ಉಗೀತಾಳೆ ನಂಗೆ."

ಎದೆಗೆ, ಸೊಂಟಕ್ಕೆ, ಮಂಡಿಗೆ ಬೆಲ್ಟು ಬಿಗಿದೆ. ಕೈಗಳೂ ಒಳಗೇ. ಗುಂಡಿ ಒತ್ತದೆಯೂ ದನಿಗೆ ತಾನೇ ತೆರೆದುಕೊಳ್ಳುವ ವಾಕಿಟಾಕಿಯನ್ನು ಕಿವಿಯ ಪಕ್ಕ ಸಿಕ್ಕಿಸಿ, ನಾನು ಕರೆದಾಗ "ಸಂದೇಶ ಬಂತು" ಅನ್ನಬೇಕೆಂದು ಹೇಳಿಕೊಟ್ಟೆ. ದೂರ ಬಂದು ಕರೆದೆ.

"ಇವ್ನಿ ಕಣವ್ವ."

ಹಾಗಲ್ಲ, "ಸಂದೇಶ ಬಂತು" ಅನ್ನಿ ಎಂದೆ. ಮತ್ತೆ ಕರೆದೆ. ಮತ್ತೆ "ಇವ್ನಿ", ಅಂದರೆ ಇದ್ದೇನೆ. ಇಡೀ ದಿನ ಇದೇ ಆಯಿತು. ದಾಖಲೆಯಲ್ಲಿ "ಗಾಯಾಳುವಿನ ಉತ್ತರ: ಸ್ಪಷ್ಟ" ಎಂದು ಬರೆದುಕೊಂಡೆ.

ನವೆಂಬರ್ 20

ಚಿಕ್ಕಮಾದುವಿನ ಹೆಂಡತಿ ಶಿವನಂಜಮ್ಮ ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿಲ್ಲವಂತೆ. ಹೆಣದ ಹಾಗೆ ಕಟ್ಟಿಸಿಕೊಂಡು ಬಂದವನು ತಲೆಗೆ ನೀರು ಹಾಕಿಕೊಳ್ಳದೆ ಹೊಸಲು ದಾಟಬಾರದು ಎಂದು ದಿನಾ ಸಂಜೆ ಹಿತ್ತಿಲಲ್ಲಿ ಹಂಡೆ ಕಾಯಿಸಿಡುತ್ತಾಳಂತೆ. ಸ್ನಾನ ಆಗುವವರೆಗೆ ಮಾತೂ ಇಲ್ಲವಂತೆ. ಚಿಕ್ಕಮಾದು ಹೆಮ್ಮೆಯಿಂದಲೇ ಹೇಳಿದ.

ನಾನು ಇದನ್ನು ಯಾಕೆ ಬರೆಯುತ್ತಿದ್ದೇನೋ. ಸಿಗ್ನಲ್ ಇವತ್ತೂ ಹೊಲದ ಮಧ್ಯದಲ್ಲಿ ಸತ್ತಿತು.

ನವೆಂಬರ್ 27

ಬೈಸಿಕೊಂಡೆ. ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆಯೊಂದನ್ನು ಕಬ್ಬಿನೊಳಗೆ ನೆಡುತ್ತಿದ್ದೆ. ಬದುವಿನ ಕಡೆಯಿಂದ ಯಾರೋ "ಕೂ" ಎಂದು ಕೂಗಿದರು. ಮತ್ತೆ ಮತ್ತೆ ಕೂಗಿದರು. ನನ್ನನ್ನಲ್ಲ ಎಂದು ಸ್ಕ್ರೂ ತಿರುಗಿಸುತ್ತಿದ್ದೆ. ಹೊರಗೆ ಬಂದರೆ ಪಕ್ಕದ ಹೊಲದ ಬೋರಯ್ಯ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ.

"ಒಳ್ಗಿದ್ಕಂಡು ಓಗೊಡ್ದೇ ಇದ್ದೀಯಲ್ಲ! ನೀರ್ ತಿರುಗಿಸ್ಬುಟ್ಟಿದ್ರೆ? ತರಗಿಗೆ ಬೆಂಕಿ ಆಕ್ಬುಟ್ಟಿದ್ರೆ?"

ಕಬ್ಬು ತಲೆಗಿಂತ ಎತ್ತರ ಬೆಳೆದ ಮೇಲೆ ಒಳಗೆ ಯಾರಿದ್ದಾರೆಂದು ಕಾಣುವುದಿಲ್ಲ. ಅದಕ್ಕೆ ನೀರು ಬಿಡುವ ಮೊದಲು, ಕಟಾವಾದ ಹೊಲದ ಒಣ ತರಗಿಗೆ ಬೆಂಕಿಯಿಡುವ ಮೊದಲು, ಮೂರು ಸಲ ಕೂಗುತ್ತಾರೆ. ಸುತ್ತ ಯಾರೇ ಇದ್ದರೂ ತಿರುಗಿ ಕೂಗಬೇಕು. ಉತ್ತರ ಬರದಿದ್ದರೆ ಯಾರೂ ಇಲ್ಲವೆಂದೇ ಲೆಕ್ಕ.

ನನಗೆ ಸಿಟ್ಟು ಬಂತು. ನನ್ನನ್ನು ಯಾರೋ ಕೂಗುತ್ತಾರೆ ಅಂದುಕೊಳ್ಳುವ ಅಭ್ಯಾಸವೇ ತಪ್ಪಿಹೋಗಿದೆ, ಅದನ್ನು ಬೋರಯ್ಯನಿಗೆ ಹೇಗೆ ಹೇಳುವುದು?

ಡಿಸೆಂಬರ್ 6

ಪೆಟ್ಟಿಗೆಗಳು ಕೆಲಸ ಮಾಡಿದವು. ಹೊಲದ ಆ ತುದಿಯಿಂದ ಈ ತುದಿಗೆ ಯಂತ್ರ ಒಂದು ಸಲವೂ ನಿಲ್ಲದೆ ಚಿಕ್ಕಮಾದುವನ್ನು ಎಳೆದುಕೊಂಡು ಬಂತು. ಖುಷಿಯಾಯಿತು. ಯಾರಿಗಾದರೂ ಹೇಳೋಣವೆಂದು ಫೋನ್ ತೆಗೆದು, ಹೆಸರುಗಳನ್ನು ಮೇಲೆ ಕೆಳಗೆ ಆಡಿಸಿ, ಒಳಗಿಟ್ಟೆ.

ಯಂತ್ರದ ಬ್ಯಾಟರಿ ಬದಲಿಸುವಾಗ ಅವನು ಕಬ್ಬಿನೊಳಗೇ ಮಲಗಿರುತ್ತಾನೆ. ಬೆಲ್ಟು ಬಿಚ್ಚಿ ಕಟ್ಟುವುದು ದೊಡ್ಡ ರಗಳೆ. ಆ ಹೊತ್ತಿನಲ್ಲಿ ವಾಕಿಟಾಕಿಯಲ್ಲಿ ಮಾತು ಶುರುವಾಗುತ್ತದೆ. ಹಸು ಗಬ್ಬವಾಗಿರುವುದು, ಮದ್ದೂರು ಸಂತೆಯಲ್ಲಿ ಕಳೆದುಕೊಂಡ ಚಪ್ಪಲಿ. ಇವತ್ತು ನನ್ನ ದನಿ ಬಾರದಿದ್ದುದಕ್ಕೆ ಅವನೇ ಕೇಳಿದ.

"ಮೇಡಮ್ಮೋರೆ, ಇದೀರಾ?"

"ಇದ್ದೇನೆ, ಹೇಳಿ."

"ಏನಿಲ್ಲ. ಇಲ್ಲಿ ಅಂಗಾತ ಮನಿಕ್ಕಂಡ್ರೆ ಆಕಾಸ ಒಂದ್ ಚೂರು ಕಾಣ್ತದೆ, ಅಷ್ಟೇಯ. ಒಂಥರಾ ದಿಗಿಲಾಯ್ತದೆ. ನಿಮ್ ದನಿ ಬಂದ್ರೆ ಸರೋಯ್ತದೆ."

ಸಂಜೆಯವರೆಗೆ ವಾಕಿಟಾಕಿಯ ಧ್ವನಿ ಏರಿಸಿಯೇ ಇಟ್ಟಿದ್ದೆ.

ಡಿಸೆಂಬರ್ 14

ರಘುನಂದನ್ ಬಂದಿದ್ದರು. ಜನವರಿಯಲ್ಲಿ ಒಬ್ಬ ಮೇಜರ್ ಜೊತೆ ಸೇನೆಯ ತಂಡ ನೋಡಲು ಬರುತ್ತದೆ. ಜ್ಯಾಮರ್ ತರುತ್ತಾರೆ. ಅದನ್ನು ಹಾಕಿದರೆ ಸುತ್ತಲಿನ ಎಲ್ಲ ಅಲೆಗಳೂ ಬಂದ್. ಸಂಪರ್ಕ ಕಡಿದಾಗ ಯಂತ್ರ ಏನು ಮಾಡುತ್ತದೆ ಎಂಬುದೇ ಅವರಿಗೆ ಬೇಕಾಗಿರುವುದು.

"ಕೊಕ್ಕೆ ಬಿಟ್ಟು, ಬಂದ ದಾರಿಯಲ್ಲಿ ತಾನೇ ವಾಪಸ್ ಬರಬೇಕು" ಅಂದರು ರಘುನಂದನ್.

"ಮನುಷ್ಯನನ್ನು ಬಿಟ್ಟು?"

"ಭಾರ ಎಳೆದುಕೊಂಡು ಕುರುಡಾಗಿ ಬಂದರೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತೆ ಪುಷ್ಪಾ. ಯಂತ್ರವೂ ಹೋಯ್ತು, ಆಳೂ ಹೋದ. ಯಂತ್ರ ಬಂದರೆ ಇನ್ನೊಂದು ಸಲ ಕಳಿಸಬಹುದು."

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ತಕ್ಷಣ ಆಗಲಿಲ್ಲ. ನಮ್ಮ ಯಂತ್ರ ಈ ಪರೀಕ್ಷೆಯಲ್ಲಿ ಬಿದ್ದರೆ ಕೆಲಸವೇ ನಿಂತುಹೋಗುತ್ತದೆ ಎಂಬುದೂ ಗೊತ್ತು. ಆಯ್ತು ಸರ್ ಅಂದೆ. ಬದಲಾವಣೆ ಚಿಕ್ಕದು. ಅವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮಾಡಿಬಿಟ್ಟೆ.

ಡಿಸೆಂಬರ್ 31

ಯಾರೂ ಫೋನ್ ಮಾಡಲಿಲ್ಲ. ನಾನೇ ಅವ್ವನ ನಂಬರಿಗೆ ಮಾಡಿದೆ. ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಒಬ್ಬಳು ಬಹಳ ಮರ್ಯಾದೆಯಿಂದ ಹೇಳಿದಳು. ಅದನ್ನೇ ಪೂರ್ತಿ ಕೇಳಿದೆ, ಇನ್ನೊಂದು ಸಲವೂ ಕೇಳಿದೆ.

ಅವ್ವ ಬೇಕಿತ್ತು.

ಜನವರಿ 8, 2025

ತಾಲೀಮು. ಹೊಲದ ನಡುವೆ ನಾನೇ ಯಂತ್ರದ ಸಂಪರ್ಕ ಕಡಿದೆ, ವಾಕಿಟಾಕಿ ಮಾತ್ರ ಉಳಿಸಿಕೊಂಡು. ಕೊಕ್ಕೆ ಕಳಚಿತು, ಯಂತ್ರವೊಂದೇ ತಿರುಗಿ, ಬಂದ ದಾರಿ ಹಿಡಿಯಿತು. ಎಲ್ಲ ಸರಿ. ಅಷ್ಟರಲ್ಲಿ ವಾಕಿಟಾಕಿ ಕೂಗಿತು.

"ಮೇಡಮ್ಮೋರೆ! ನನ್ ಬುಟ್ಬುಟ್ಟು ಓಯ್ತಾ ಅದೆ ಇದು!"

"ಹೌದು ಮಾದಣ್ಣ, ಅದು ಹಾಗೇ ಮಾಡಬೇಕು."

ಸ್ವಲ್ಪ ಹೊತ್ತು ಅವನ ನಗು ಕೇಳಿಸಿತು. ಆಮೇಲೆ ಕೇಳಿದ. "ನಿಜ್ವಾದ ಸಿಪಾಯಿಗೂ ಇಂಗೇ ಮಾಡ್ತದಾ?"

ಹೋಗಿ ಬೆಲ್ಟು ಬಿಚ್ಚಿದೆ. ಸಂಜೆ ಬೆಟ್ಟಮ್ಮ ಊಟಕ್ಕೆ ಕೂಗಿದರು. ಕೋಣೆಯಲ್ಲಿ ಕೂರಲಾಗದೆ ಇಳಿದುಹೋದೆ. ಅವರೆಕಾಳಿನ ಸಾರು.

ಜನವರಿ 21

ನಾಳೆ ಪರೀಕ್ಷೆ. ಮಾದಣ್ಣ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಹಾಕಿದ ಶರಟು ತೊಟ್ಟು ಬಂದು ತೋರಿಸಿದ. ಮಣ್ಣಿನಲ್ಲಿ ಎಳೆಯುತ್ತದೆ, ಹಳೆಯದು ಹಾಕಿಕೋ ಅಂದರೆ, "ಮೇಜರ್ ಸಾಯೇಬ್ರು ನೋಡ್ತಾರೆ ಬುಡಿ" ಅಂದ. ರಘುನಂದನ್ ಅವನಿಗೆ ಒಂದೇ ಮಾತು ಒತ್ತಿ ಹೇಳಿದರು: ಪ್ರಜ್ಞೆ ತಪ್ಪಿದವನು ಮಾತಾಡುವುದಿಲ್ಲ, ನಾವು ಬಂದು ಬೆಲ್ಟು ಬಿಚ್ಚುವವರೆಗೆ ಏನೇ ಆದರೂ ಉಸಿರೆತ್ತಬಾರದು. ಬೋರಯ್ಯನ ಹೊಲ ಮೊನ್ನೆ ಕಟಾವಾಗಿದೆ. ನಾಳೆ ಪರೀಕ್ಷೆ ಮುಗಿಯುವವರೆಗೆ ಅಲ್ಲಿ ಏನೂ ಮಾಡಬೇಡಿ ಎಂದು ಹೇಳಿ ಬಂದೆ. ಮುಗಿದಿದ್ದು ಹೆಂಗೆ ಗೊತ್ತಾಯ್ತದೆ ಅಂದರು. ಯಂತ್ರ ಹೊರಗೆ ಬಂದರೆ ಮುಗಿದಂತೆ ಅಂದೆ.

ಜನವರಿ 22

ಬದುಕಿದ್ದಾನೆ.

ಜನವರಿ 24

ಬರೆಯಲೇಬೇಕು.

ಮೇಜರ್ ಕೈ ತೋರಿಸಿದ ಕೂಡಲೇ ಜ್ಯಾಮರ್ ಹಾಕಿದರು. ಪರದೆ ಕಪ್ಪಾಯಿತು. ವಾಕಿಟಾಕಿ ಗೊರ್ ಎಂದು ಸುಮ್ಮನಾಯಿತು. ಮೊಬೈಲುಗಳೂ ಸತ್ತವು. ನಾವೆಲ್ಲ ಶಾಮಿಯಾನದ ಕೆಳಗೆ ಕಾಯುತ್ತ ನಿಂತೆವು. ಬಹಳ ಹೊತ್ತಾಗುವ ಮೊದಲೇ ಯಂತ್ರ ಕಬ್ಬಿನಿಂದ ಹೊರಗೆ ಬಂತು, ಹಿಂದೆ ಹಲಗೆಯಿಲ್ಲದೆ. ರಘುನಂದನ್ ಚಪ್ಪಾಳೆ ತಟ್ಟಿದರು. ಮೇಜರ್ ಜೊತೆಯವರಿಗೆ ಏನೋ ಹೇಳಿ, ಜ್ಯಾಮರ್ ಇನ್ನೂ ಸ್ವಲ್ಪ ಹೊತ್ತು ಇರಲಿ ಅಂದರು.

ಆಗ ಬೋರಯ್ಯನ ಕೂಗು ಕೇಳಿಸಿತು. "ಕೂ." ಆಚೆ ಬದುವಿನಿಂದ. ಮತ್ತೊಂದು. ಮತ್ತೊಂದು. ಮಾದಣ್ಣ ಅಲ್ಲೇ ಪಕ್ಕದಲ್ಲಿದ್ದಾನೆ, ಓಗೊಡುತ್ತಾನೆ ಎಂದು ನನ್ನ ಪಾಡಿಗೆ ನಾನು ಪರದೆ ಬೆಳಗುವುದನ್ನೇ ಕಾಯುತ್ತಿದ್ದೆ. ಉತ್ತರ ಬರಲಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಹೊಗೆ ಎದ್ದಿತು.

ಬೋರಯ್ಯನ ತಪ್ಪೇನೂ ಇಲ್ಲ. ಯಂತ್ರ ಹೊರಗೆ ಬಂದುದನ್ನು ನೋಡಿದರು, ಮುಗಿಯಿತು ಅಂದುಕೊಂಡರು. ಕೂಗಿದರು. ಯಾರೂ ಇಲ್ಲ ಎಂದು ತರಗಿಗೆ ಕಡ್ಡಿ ಗೀರಿದರು. ಗಾಳಿ ನಮ್ಮ ಕಡೆಗಿತ್ತು. ಬದು ದಾಟಿ ನಮ್ಮ ಕಬ್ಬಿನ ಒಣ ಸೋಗೆಗೆ ಹಿಡಿಯಿತು.

ವಾಕಿಟಾಕಿ ಒತ್ತಿದೆ. ಸತ್ತಿದೆ. ಜ್ಯಾಮರ್ ತೆಗೀರಿ ಎಂದು ಕಿರುಚಿ ಓಡಿದೆ. ಹಿಂದೆ ಯಾರು ಬಂದರು, ಬರಲಿಲ್ಲ, ನೋಡಲಿಲ್ಲ. ಹತ್ತಾರು ಸಲ ಓಡಾಡಿದ ಹೊಲ, ಒಳಗೆ ಹೋದರೆ ಎಲ್ಲ ಸಾಲೂ ಒಂದೇ ಥರ. ಚಟಚಟ ಸದ್ದು ಎಲ್ಲ ಕಡೆಯಿಂದಲೂ ಬರುತ್ತಿದೆ ಅನ್ನಿಸುತ್ತಿತ್ತು. ನಾನು ಇಷ್ಟು ವರ್ಷ ಕಲಿತ ವಿದ್ಯೆಯಲ್ಲಿ ಆ ಹೊತ್ತಿಗೆ ಉಪಯೋಗಕ್ಕೆ ಬರುವಂಥದ್ದು ಏನೂ ಇರಲಿಲ್ಲ. ಗಂಟಲಿತ್ತು. "ಕೂ" ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಇಲ್ಲ.

ಆಗ ನನ್ನ ಬಾಯಿಂದ ಬಂದದ್ದು ಅವ್ವನ ಮಾತು.

"ಲೋ ಮಾದಣ್ಣಾ! ಸತ್ತಿದ್ದು ಸಾಕು, ಬಾಯ್ ಬುಡೋ! ಬೆಂಕಿ ಬತ್ತಾ ಅದೆ, ಓಗೊಡೋ!"

"ಇವ್ನಿ! ಇಲ್ಲೇ ಇವ್ನಿ ಕಣವ್ವಾ!"

ಎಡಗಡೆ, ತೀರ ಹತ್ತಿರ. ಎದೆಯ ಬೆಲ್ಟು, ಸೊಂಟದ್ದು ಬಿಚ್ಚಿದೆ. ಮಂಡಿಯದು ಬಿಸಿಗೆ ಬಿಗಿದುಕೊಂಡಿತ್ತು. ಅವನ ಬಲಗಾಲಿನ ಕಡೆ ಆಗಲೇ ಸೋಗೆ ಉರಿಯುತ್ತಿತ್ತು. ಅಷ್ಟರಲ್ಲಿ ಇಬ್ಬರು ಸೈನಿಕರು ಬಂದು, ಹಲಗೆ ಸಮೇತ ಎತ್ತಿಕೊಂಡು ಹೊರಗೆ ಓಡಿದರು.

ಕಾಲಿಗೆ ಸುಟ್ಟಿದೆ, ಮೀನಖಂಡದಿಂದ ಪಾದದವರೆಗೆ. ಮಂಡ್ಯದ ಆಸ್ಪತ್ರೆಯಲ್ಲಿದ್ದಾನೆ. ನಡೆಯುತ್ತಾನೆ, ನಿಧಾನ ಆಗುತ್ತದೆ ಅಂದರು ಡಾಕ್ಟರು.

ಶಾಮಿಯಾನದ ಕೆಳಗೆ ರಘುನಂದನ್ ಬಿಳಿಚಿಕೊಂಡು ನಿಂತಿದ್ದರು. ಯಾರೂ ಕೇಳದಿದ್ದರೂ ಹೇಳುತ್ತಿದ್ದರು, "ಯಂತ್ರ ಸರಿಯಾಗೇ ಕೆಲಸ ಮಾಡಿದೆ ಸರ್." ನಿಜವೇ. ಅದು ಸರಿಯಾಗಿಯೇ ಕೆಲಸ ಮಾಡಿತು.

ಜನವರಿ 27

ಆಸ್ಪತ್ರೆಗೆ ಹೋಗಿದ್ದೆ. ಯಾಕೆ ಓಗೊಡಲಿಲ್ಲ ಎಂದು ಕೇಳಿದೆ.

"ಬೋರಣ್ಣ ಕೂಗಿದ್ದು ಕೇಳ್ತು. ಬಾಯ್ಗೆ ಬಂದಿತ್ತು. ಆದ್ರೆ ಮೇಜರ್ ಸಾಯೇಬ್ರು ಕೇಳ್ಸ್ಕಂಡ್ರೆ ನಿಮ್ಮ್ ಪರೀಕ್ಸೆ ಕೆಟ್ಟೋಯ್ತದಲ್ಲ ಅಂತ ಉಗುಳ್ ನುಂಗ್ಕಂಡೆ."

ಹುಟ್ಟಿದಾಗಿನಿಂದ ಯಾರ ಕೂಗಿಗೂ ಸುಮ್ಮನಿರದವನು ನನಗಾಗಿ ಸುಮ್ಮನಿದ್ದ. ನನಗೆ ಅಳು ತಡೆಯಲಾಗಲಿಲ್ಲ. ಶಿವನಂಜಮ್ಮ ಮಂಚದ ಆ ಕಡೆ ಕುಳಿತು ನನ್ನನ್ನೇ ನೋಡುತ್ತಿದ್ದಳು.

"ಅತ್ತುದ್ದು ಸಾಕು. ಆ ಮಿಸಿನ್ನು ಇವುನ್ನ ಬುಟ್ಬುಟ್ ಬಂತಲ್ಲ, ಬುಟ್ಬುಟ್ ಬಾ ಅಂತ ಅದುಕ್ಕೆ ಏಳ್ಕೊಟ್ಟೋರ್ ಯಾರು?"

"ನಾನೇ."

ಅವಳು ಬುತ್ತಿಯ ಮುಚ್ಚಳ ತೆಗೆದು ನನ್ನ ಮುಂದೆ ತಳ್ಳಿದಳು.

"ತಿನ್ನು ಮೊದ್ಲು. ಆಮೇಲ್ ಬೈತೀನಿ."

ತಿಂದೆ. ಬೈದಳು. ಪಕ್ಕದ ಹಾಸಿಗೆಯವರು ಎದ್ದು ಕೂರುವಷ್ಟು ಬೈದಳು. ವಾಪಸ್ ಬರುವಾಗ ಮಳವಳ್ಳಿ ಬಸ್ಸಿನಲ್ಲಿ ನಿದ್ದೆ ಬಂತು. ಎಷ್ಟೋ ದಿನದ ಮೇಲೆ ಬಂದ ನಿದ್ದೆ.

ಫೆಬ್ರವರಿ 1

ವರದಿ ಬರೆದೆ. ಯಂತ್ರ ಹೇಳಿದಂತೆ ಕೇಳಿದೆ, ನಾವು ಹೇಳಿದ್ದೇ ತಪ್ಪು, ಅದನ್ನು ಯಂತ್ರಕ್ಕೆ ಬರೆದುಕೊಟ್ಟವಳು ನಾನು. ರಘುನಂದನ್ ಫೋನ್ ಮಾಡಿ, "ಇದನ್ನು ಕಳಿಸಿದರೆ ನಿಮ್ಮ ಕೆಲಸ ಹೋಗುತ್ತೆ ಪುಷ್ಪಾ, ಗೊತ್ತಲ್ವಾ?" ಅಂದರು. ಗೊತ್ತು ಸರ್ ಅಂದೆ. ಕಳಿಸಿದೆ.

ಫೆಬ್ರವರಿ 5

ಮೇಜರ್ ಕಡೆಯಿಂದ ಒಂದೇ ಸಾಲಿನ ಉತ್ತರ. ಕೊಕ್ಕೆ ಬಿಡದ ಯಂತ್ರವನ್ನು ತೋರಿಸಿದರೆ ಇನ್ನೊಂದು ಸಲ ಬರುತ್ತಾರಂತೆ. ನಾನು ಇರಬೇಕೋ ಬೇಡವೋ ಎಂಬುದನ್ನು ರಘುನಂದನ್ ಆಮೇಲೆ ನೋಡುತ್ತಾರಂತೆ. ನೋಡಲಿ.

ಹೊಸ ಕಟ್ಟಳೆ ಹೀಗಿದೆ. ಸಂಪರ್ಕ ಕಡಿದರೆ ಯಂತ್ರ ಇದ್ದಲ್ಲೇ ನಿಲ್ಲಬೇಕು. ಬೇರೆ ಬೇರೆ ಅಲೆಗಳಲ್ಲಿ ನಮ್ಮನ್ನು ಕರೆದು ನೋಡಬೇಕು. ಆಗಲೂ ಉತ್ತರ ಸಿಗದಿದ್ದರೆ ಹೋದ ಹಾದಿಯಲ್ಲೇ ನಿಧಾನವಾಗಿ, ಮನುಷ್ಯನನ್ನು ಎಳೆದುಕೊಂಡೇ ಬರಬೇಕು. ಸಿಕ್ಕಿಹಾಕಿಕೊಂಡರೆ ಇಬ್ಬರೂ ಒಟ್ಟಿಗೆ.

ಆದರೆ ಮಲಗಲು ಯಾರೂ ಬರುತ್ತಿಲ್ಲ. ಬರುವುದಾದರೂ ಹೇಗೆ?

ಫೆಬ್ರವರಿ 9

ಇವತ್ತು ನನಗೂ ಹಿತ್ತಿಲಲ್ಲೇ ಸ್ನಾನ. ಬೆಟ್ಟಮ್ಮ ಬಾಗಿಲಿಗೆ ಅಡ್ಡ ನಿಂತು, "ಒಳೀಕ್ ಕಾಲಿಟ್ಟೀಯೆ, ಪುಸ್ಪ! ನೀರ್ ಕಾದದೆ, ತಲೆಗ್ ಉಯ್ಕಂಡ್ ಬಾ" ಅಂದರು. ಅವ್ವ ಹೋದ ಮೇಲೆ ನನ್ನನ್ನು ಪುಸ್ಪ ಅಂದವರಿಲ್ಲ. ಹಂಡೆ ಕಾಯಿಸಿದ್ದು ಯಾವಾಗಲೋ, ನಾನು ಹಲಗೆಯ ಮೇಲೆ ಮಲಗುತ್ತೇನೆಂದು ಅವರಿಗೆ ಹೇಳಿಯೇ ಇರಲಿಲ್ಲ.

ಬೆಲ್ಟು ಬಿಗಿದವರು ಬೋರಯ್ಯ. ಮಂಡಿಯದನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿದರು. ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಮಾದಣ್ಣ ಕುಳಿತಿದ್ದ, ಪಟ್ಟಿ ಸುತ್ತಿದ ಕಾಲು ಚಾಚಿಕೊಂಡು. ಆಸ್ಪತ್ರೆಯಿಂದ ಬಂದದ್ದು ಮೊನ್ನೆ. ಬರಬೇಡವೆಂದರೂ ಆಟೋ ಮಾಡಿಕೊಂಡು ಬಂದಿದ್ದಾನೆ. ಶಿವನಂಜಮ್ಮ ಅವನ ಹಿಂದೆ ನಿಂತಿದ್ದಳು, ಕೊಡ ತುಂಬ ನೀರು ಇಟ್ಟುಕೊಂಡು. ಒಂದು ಕೊಡದಿಂದ ಏನಾಗುತ್ತದೋ ಅವಳಿಗೇ ಗೊತ್ತು.

ಸುಡದೆ ಉಳಿದ ಕಬ್ಬಿನ ನಡುವೆ ಕಂಪನಿಯವರು ಸಂಪರ್ಕ ಕಡಿದರು. ಯಂತ್ರ ನಿಂತಿತು. ಸದ್ದೆಲ್ಲ ನಿಂತಿತು. ಮಾದಣ್ಣ ಹೇಳಿದ್ದು ನಿಜ, ಆಕಾಶ ಒಂದು ಚೂರು ಮಾತ್ರ ಕಾಣುತ್ತದೆ. ದಿಗಿಲಾಯಿತು. ಯಂತ್ರ ಬಿಟ್ಟು ಹೋದರೆ ಎಂದಲ್ಲ. ನಾನು ಇಲ್ಲಿರುವುದು ಯಾರಿಗೂ ಗೊತ್ತಿಲ್ಲವೇನೋ ಎಂದು. ಈ ಭಯ ನನಗೆ ಹೊಸದಲ್ಲ. ಜೂನ್‌ನಿಂದ ಜೊತೆಗೇ ಇದೆ.

ತಲೆಯ ಹತ್ತಿರ ಕೊಕ್ಕೆ ಕಿರಕ್ ಎಂದು ಬಿಗಿಯಾಯಿತು. ಯಂತ್ರ ಬಿಡಲಿಲ್ಲ. ನಿಧಾನವಾಗಿ, ಬಹಳ ನಿಧಾನವಾಗಿ, ನನ್ನನ್ನು ಎಳೆಯತೊಡಗಿತು.

ಅಷ್ಟರಲ್ಲಿ ಬದುವಿನಿಂದ ಮಾದಣ್ಣ ಕೂಗಿದ. ಗಾಯಾಳು ಮಾತಾಡಬಾರದು ಎಂಬ ಕಟ್ಟಳೆ ಅವನಿಗೆ ಗೊತ್ತಿಲ್ಲದ್ದಲ್ಲ.

"ಕೂ! ಪುಸ್ಪವ್ವಾ, ಇದೀಯೇನವ್ವಾ?"

ಎದೆಯ ಮೇಲೆ ಬೆಲ್ಟು ಬಿಗಿದಿತ್ತು. ಆದರೂ ಇದ್ದ ಉಸಿರನ್ನೆಲ್ಲ ತೆಗೆದು ಕೂಗಿದೆ.

"ಇವ್ನಿ ಕಣಣ್ಣೋ!"